ನಿವೃತ್ತರ ವೇಳೆ ಯಾರ ಸೊತ್ತು?

“ಹೇಗೂ ಮನೆಯಲ್ಲೇ ಇರ್ತೀರಲ್ಲ” ಎಂಬ ಮಾತು ನಮ್ಮ ಪಟ್ಟಣಗಳ ಮಧ್ಯಮ ವರ್ಗದ ಮನೆಗಳಲ್ಲಿ ದಿನಕ್ಕೆ ಎಷ್ಟು ಬಾರಿ ಹೊರಡುತ್ತದೆಯೋ ಲೆಕ್ಕವಿಟ್ಟವರಿಲ್ಲ. ಕೇಳುವುದಕ್ಕೆ ಸೌಮ್ಯವಾದ ಮಾತು. ಅದರಲ್ಲಿ ಬಹುವಚನವಿದೆ, ಸಲಿಗೆಯಿದೆ. ಬೈಗುಳದ ಸೋಂಕೂ ಇಲ್ಲ. ಆದರೂ ನಿವೃತ್ತರಾದ ಹಿರಿಯರಿಗೆ ಇದಕ್ಕಿಂತ ಅಗೌರವದ ಮಾತನ್ನು ನಾವು ಆಡಲಾರೆವೆಂಬುದು ನನ್ನ ವಾದ. ಈ ಮಾತನ್ನು ನಾನೇ ಆಡಿದವನಾದುದರಿಂದ ವಾದವನ್ನು ನನ್ನ ಮನೆಯಿಂದಲೇ ಆರಂಭಿಸುತ್ತೇನೆ.

ನನ್ನ ತಂದೆಯವರಿಗೆ ಈಗ 71 ವರ್ಷ. ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯರಾಗಿದ್ದು 60ನೆಯ ವಯಸ್ಸಿನಲ್ಲಿ ನಿವೃತ್ತರಾದರು. ಮೈಸೂರಿನ ನಮ್ಮ ಬಡಾವಣೆಯ ಮೈದಾನದಲ್ಲಿ ವಾರಕ್ಕೆ ನಾಲ್ಕು ದಿನ ಬೆಳಿಗ್ಗೆ ಬಾಲ್ ಬ್ಯಾಡ್ಮಿಂಟನ್ ಆಡುತ್ತಾರೆ. ಈ ಆಟವನ್ನು ಕಾಣದ ಕಿರಿಯರಿಗಾಗಿ ಒಂದು ಮಾತು: ಇದು ಗರಿಯ ಶಟಲ್ ಆಟವಲ್ಲ. 27ರಿಂದ 30 ಗ್ರಾಂ ತೂಕದ ಹಳದಿ ಉಣ್ಣೆಯ ಚೆಂಡು. 24 ಮೀಟರ್ ಉದ್ದ, 12 ಮೀಟರ್ ಅಗಲದ ಅಂಕಣ. ಒಂದೊಂದು ಕಡೆಗೆ ಐದೈದು ಜನ. ಈ ಐದು ಎಂಬ ಸಂಖ್ಯೆಯನ್ನು ಓದುಗರು ನೆನಪಿನಲ್ಲಿಡಬೇಕು.

ಒಂದು ಬುಧವಾರದ ರಾತ್ರಿ ಊಟಕ್ಕೆ ಕುಳಿತಾಗ ನಾನು, “ಅಪ್ಪಾ, ನಾಳೆ ಬೆಳಿಗ್ಗೆ ನೀರಿನ ಫಿಲ್ಟರ್ ರಿಪೇರಿಯವನು ಬರ್ತಾನೆ. ನೀವು ಹೇಗೂ ಮನೆಯಲ್ಲೇ ಇರ್ತೀರಲ್ಲ” ಎಂದೆ. ಅವರು ಜೇಬಿನಿಂದ ಚಿಕ್ಕ ಡೈರಿಯನ್ನು ತೆಗೆದು ನೋಡಿ, ಮತ್ತೆ ಜೇಬಿಗಿಟ್ಟು, “ಆಗಲಪ್ಪ” ಎಂದರು. ರಿಪೇರಿಯವನು ಬಂದುದು ಮಾರನೆಯ ದಿನ ಸಂಜೆ ನಾಲ್ಕಕ್ಕೆ. ಕತ್ತಲಾಗುವ ಹೊತ್ತಿಗೆ ತಂದೆಯವರ ಗೆಳೆಯರೊಬ್ಬರು ಬಾಗಿಲಲ್ಲೇ ನಿಂತು, “ಏನ್ ಮೇಷ್ಟ್ರೇ, ಹೀಗೆ ಮಾಡಿದ್ರಿ? ಪಕ್ಕದ ಬಡಾವಣೆಯವರು ಆಡೋಕೆ ಬಂದಿದ್ರು. ನಾವು ನಾಲ್ಕೇ ಜನ ಆಡಿ ಸೋತ್ವಿ” ಎಂದು ನಕ್ಕರು. ತಂದೆಯವರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ಡೈರಿ ಮೇಜಿನ ಮೇಲೆ ತೆರೆದೇ ಇತ್ತು. ಸೋಮವಾರ, ಆಟ. ಮಂಗಳವಾರ, ಪಿಂಚಣಿದಾರರ ಸಂಘ, 11 ಗಂಟೆ. ಬುಧವಾರ, ಮೊಮ್ಮಗಳ ಲೆಕ್ಕದ ಪಾಠ. ಶುಕ್ರವಾರ, ಹಲ್ಲಿನ ಡಾಕ್ಟರು. ಶನಿವಾರ, ಹಳೆಯ ವಿದ್ಯಾರ್ಥಿಯ ಮಗನ ಉಪನಯನ. ಗುರುವಾರದ ಎದುರಿಗೆ ‘ಪಂದ್ಯ, ಆರೂವರೆ’ ಎಂದು ಬರೆದು, ಅಡ್ಡಗೆರೆ ಎಳೆದು, ಕೆಳಗೆ ‘ಫಿಲ್ಟರ್’ ಎಂದು ಬರೆದಿದ್ದರು. ನನ್ನ ಕಾಲೇಜಿನ ವೇಳಾಪಟ್ಟಿಗಿಂತ ಆ ಪುಟದಲ್ಲಿ ಬಿಡುವು ಕಡಿಮೆಯಿತ್ತು. ಇಷ್ಟಾದರೂ ನನ್ನ ಕಣ್ಣಿಗೆ ಅವರು ‘ಮನೆಯಲ್ಲೇ ಇರುವವರು’!

ಕನ್ನಡ ಪಾಠ ಹೇಳುವವನಾದುದರಿಂದ ‘ನಿವೃತ್ತಿ’ ಎಂಬ ಶಬ್ದವನ್ನು ಸ್ವಲ್ಪ ವಿಚಾರಿಸುತ್ತೇನೆ. ಶಾಸ್ತ್ರಗಳಲ್ಲಿ ಅದು ಪ್ರವೃತ್ತಿಯ ಎದುರು ಪದ. ಲೌಕಿಕ ವ್ಯವಹಾರದಿಂದ ಮನಸ್ಸು ತಾನಾಗಿ ಹಿಂತಿರುಗುವ ಸ್ಥಿತಿ. ಅದನ್ನು ತಂದು ನಾವು ಸರ್ಕಾರದ ಆದೇಶಕ್ಕೆ ಅಂಟಿಸಿದ್ದೇವೆ. ನಮ್ಮ ರಾಜ್ಯ ಸರ್ಕಾರಿ ನೌಕರರಿಗೆ 58 ವರ್ಷಕ್ಕಿದ್ದ ನಿವೃತ್ತಿಯನ್ನು 2008ರಲ್ಲಿ 60ಕ್ಕೆ ಏರಿಸಿದರು. ಹಾಗಾದರೆ ಆ ವರ್ಷ ನಮ್ಮ ನೌಕರರೆಲ್ಲರ ವೈರಾಗ್ಯವೂ ಎರಡು ವರ್ಷ ಮುಂದಕ್ಕೆ ಹೋಯಿತೆ? ನಿವೃತ್ತಿ ಕಚೇರಿಯ ಹಾಜರಿ ಪುಸ್ತಕಕ್ಕೆ ಸಂಬಂಧಿಸಿದ್ದು, ಮನುಷ್ಯನಿಗಲ್ಲ. ಹಾರ ಹಾಕಿ ಬೀಳ್ಕೊಟ್ಟ ಸಂಜೆ ಅವನು ಬಿಟ್ಟುಬಂದುದು ಒಂದು ಕುರ್ಚಿಯನ್ನು ಮಾತ್ರ. ತನ್ನ ಬೆಳಗು ಸಂಜೆಗಳನ್ನಲ್ಲ.

ಇಲ್ಲಿ ದೊಡ್ಡವರ ಉದಾಹರಣೆ ಕೊಡುವುದು ವಾಡಿಕೆ. ಕೊಡಲೂಬಹುದು. ವಿಶ್ವೇಶ್ವರಯ್ಯನವರು ಮುಂಬಯಿ ಸರ್ಕಾರದ ನೌಕರಿಯಿಂದ ತಾವಾಗಿ ನಿವೃತ್ತರಾದ ಮೇಲೆಯೇ 1909ರಲ್ಲಿ ಮೈಸೂರಿನ ಚೀಫ್ ಇಂಜಿನಿಯರಾದರು, 1912ರಲ್ಲಿ ದಿವಾನರಾದರು. ಅಧಿಕಾರ ಬಿಟ್ಟು ವರ್ಷಗಳಾದ ಮೇಲೆ ಮಾಸ್ತಿಯವರು ಬರೆದ ‘ಚಿಕವೀರ ರಾಜೇಂದ್ರ’ 1956ರಲ್ಲಿ ಪ್ರಕಟವಾದಾಗ ಅವರಿಗೆ 65 ವರ್ಷ. ಆದರೆ ಈ ಉದಾಹರಣೆಗಳಲ್ಲಿ ಒಂದು ಮೋಸವುಂಟು. ಅಣೆಕಟ್ಟು ಕಟ್ಟಿದವನ ವೇಳೆಗೆ, ಕಾದಂಬರಿ ಬರೆದವನ ವೇಳೆಗೆ ಮಾತ್ರ ಬೆಲೆಯೆಂದು ಅದರಿಂದ ತೋರಿಬಿಡುತ್ತದೆ. ಅದೇ ಮಾಸ್ತಿಯವರು ಬಸವನಗುಡಿಯ ಕ್ಲಬ್ಬಿಗೂ ಹೋಗುತ್ತಿದ್ದರು. ಅದರಿಂದ ಲೋಕಕ್ಕೇನು ಪ್ರಯೋಜನವೆಂದು ಕೇಳುವ ಹಕ್ಕು ಯಾರಿಗೂ ಇರಲಿಲ್ಲ. ನನ್ನ ತಂದೆಯವರ ಉಣ್ಣೆಯ ಚೆಂಡಿಗೂ ಅಷ್ಟೇ ಮರ್ಯಾದೆ ಸಲ್ಲಬೇಕು. ನಲವತ್ತು ವರ್ಷ ಪ್ರಯೋಜನಕ್ಕಾಗಿಯೇ ದುಡಿದವನಿಗೆ ಇನ್ನಾದರೂ ನಿಷ್ಪ್ರಯೋಜಕವಾದ ಒಂದು ಗಂಟೆಯ ಸ್ವಾತಂತ್ರ್ಯ ಬೇಡವೆ?

“ಈ ವಯಸ್ಸಿನಲ್ಲಿ ಆಟವೇ? ಬಿದ್ದು ಕಾಲು ಮುರಿದುಕೊಂಡರೆ ನೋಡಿಕೊಳ್ಳುವವರಾರು?” ಎಂಬುದು ಒಂದು ಆಕ್ಷೇಪ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಸೂಚನೆಗಳಲ್ಲಿ, 65 ದಾಟಿದವರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಮಾಡಬೇಕೆಂದೂ, ಬೀಳದಂತಿರಲು ಮೈಯ ಸಮತೋಲವನ್ನು ರೂಢಿಸುವ ವ್ಯಾಯಾಮವನ್ನು ವಾರಕ್ಕೆ ಮೂರು ದಿನವಾದರೂ ಮಾಡಬೇಕೆಂದೂ ಹೇಳಿದೆ. ಕುಳಿತಲ್ಲೇ ಕುಳಿತವನ ಕಾಲೇ ಬೇಗ ಸೋಲುವುದು. ನಮ್ಮ ಆತಂಕ ನಿಜವಾದುದಾದರೆ ತಂದೆಗೆ ಒಳ್ಳೆಯ ಬೂಟು ತಂದುಕೊಡೋಣ. ಬಾಗಿಲು ಕಾಯುವ ಕೆಲಸವನ್ನಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದುದು. “ಕೂಡಿ ಬಾಳುವ ಮನೆಯಲ್ಲಿ ನನ್ನದು ನಿನ್ನದೆಂಬ ಲೆಕ್ಕವೇ? ಮೊಮ್ಮಕ್ಕಳನ್ನು ಶಾಲೆಯಿಂದ ಕರೆತರುವುದು ಅಜ್ಜನಿಗೆ ಸಂತೋಷವಲ್ಲವೆ?” ಸಂತೋಷವೇ. ಮೊಮ್ಮಗಳ ಲೆಕ್ಕದ ಪಾಠವನ್ನು ತಂದೆಯವರು ತಾವೇ ಡೈರಿಯಲ್ಲಿ ಬರೆದುಕೊಂಡಿದ್ದರು, ನಾನು ಹೇಳಿರಲಿಲ್ಲ. ಅದು ಅವರು ಕೊಟ್ಟದ್ದು. ಫಿಲ್ಟರಿನ ಗುರುವಾರ ನಾನು ಕಿತ್ತುಕೊಂಡದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ‘ಕುಟುಂಬ ಪ್ರೀತಿ’ ಎಂದು ಕರೆಯುವುದು ಅಪ್ರಾಮಾಣಿಕತೆ. ನನಗೆ ಅಂದು ಎರಡು ಪೀರಿಯಡ್ ಪಾಠವಿತ್ತು. ಸಹೋದ್ಯೋಗಿಯನ್ನು ಕೇಳಿ ಬದಲಾಯಿಸಿಕೊಳ್ಳಬಹುದಿತ್ತು. ಸಂಬಳ ಬರುವ ವೇಳೆ ಪವಿತ್ರ, ಪಿಂಚಣಿ ಬರುವ ವೇಳೆ ಪುಕ್ಕಟೆ ಎಂದು ನನ್ನ ಮನಸ್ಸು ಯಾವಾಗಲೋ ತೀರ್ಮಾನಿಸಿಬಿಟ್ಟಿತ್ತು.

ಕಾನೂನಿನಿಂದ ಇದಕ್ಕೆ ಪರಿಹಾರವಿಲ್ಲ. ತಂದೆತಾಯಿಗಳ ಪೋಷಣೆಯ ಬಗ್ಗೆ 2007ರಲ್ಲಿ ಆದ ಕಾಯಿದೆ ಅನ್ನ, ಬಟ್ಟೆ, ವಸತಿ, ಔಷಧೋಪಚಾರಗಳನ್ನು ಹೇಳುತ್ತದೆ. ಇವಿಷ್ಟನ್ನೂ ಕೊಟ್ಟ ಮಗ ತಾನು ಸುಪುತ್ರನೆಂದು ಬೀಗಬಹುದು. ಆದರೆ ಅನ್ನವಿಕ್ಕಿ ಹೊತ್ತನ್ನು ಕಸಿದುಕೊಳ್ಳುವ ಮಗನನ್ನು ಯಾವ ನ್ಯಾಯಮಂಡಳಿಯ ಮುಂದೆ ನಿಲ್ಲಿಸಬೇಕು? ಪ್ರತಿವರ್ಷ ನವೆಂಬರಿನಲ್ಲಿ ಪಿಂಚಣಿದಾರರು ತಾವು ಬದುಕಿದ್ದೇವೆಂದು ಪ್ರಮಾಣಪತ್ರ ಕೊಡುತ್ತಾರೆ. ಸರ್ಕಾರವಾದರೂ ವರ್ಷಕ್ಕೊಮ್ಮೆ ಕೇಳುತ್ತದೆ. ಮನೆಯವರು ಅಷ್ಟನ್ನೂ ಕೇಳುವುದಿಲ್ಲ.

ಇಷ್ಟು ಬರೆದು ತಾಯಿಯವರಿಗೆ ಓದಿ ಹೇಳಿದೆ. ಅವರು ಹುರುಳಿಕಾಯಿಯ ನಾರು ತೆಗೆಯುತ್ತ ಎಲ್ಲವನ್ನೂ ಕೇಳಿ, “ಚೆನ್ನಾಗಿದೆ ಕಣೋ. ನಂಗೆ ಯಾವತ್ತು ನಿವೃತ್ತಿ ಅಂತ ಅದರಲ್ಲಿ ಬರ್ದಿಲ್ವಲ್ಲ?” ಎಂದರು. ನಾನು ತಬ್ಬಿಬ್ಬಾದೆ. 2019ರ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯಂತೆ ಮನೆಗೆಲಸ ಮಾಡುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ಕಳೆಯುತ್ತಾರೆ. ಅದೇ ಕೆಲಸ ಮಾಡುವ ಗಂಡಸರು 97. ತಂದೆಯವರ ಡೈರಿಯನ್ನು ನೋಡಿ ಮರುಗಿದ ನಾನು, ತಾಯಿಗೆ ಡೈರಿಯೇ ಇಲ್ಲವೆಂಬುದನ್ನು ನೋಡಿರಲಿಲ್ಲ. ವಾರಕ್ಕೆರಡು ಮಧ್ಯಾಹ್ನ ಅವರು ಭಜನೆಗೆ ಹೋಗುತ್ತಾರೆ. ಎಷ್ಟು ಬಾರಿ ನೆಂಟರ ಕಾಫಿಗಾಗಿ ಅದನ್ನು ಬಿಟ್ಟಿದ್ದಾರೋ ನನಗೆ ಗೊತ್ತಿಲ್ಲ. ತಂದೆಯವರ ಪರವಾಗಿ ನಾನು ಹೂಡಿದ ವಾದದಲ್ಲಿ ಅವರೂ ಪ್ರತಿವಾದಿಗಳಾಗಬೇಕಾಗಿ ಬಂತು. ಬೆಳಗಿನ ಪಂದ್ಯಕ್ಕೆ ಹೊರಡುವವರಿಗೆ ಐದೂವರೆಗೆ ಕಾಫಿ ಕೊಡುವವರು ಯಾರೆಂದು ಅವರಿಗೂ ಗೊತ್ತು.

ಆದುದರಿಂದ ನಾನು ಕೇಳುವುದು ದೊಡ್ಡದೇನಲ್ಲ. ‘ಹೇಗೂ ಮನೆಯಲ್ಲೇ ಇರ್ತೀರಲ್ಲ’ ಎಂಬುದನ್ನು ಬಿಟ್ಟು, ‘ನಾಳೆ ನಿಮಗೆ ಬಿಡುವಿದೆಯೇ?’ ಎಂದು ಕೇಳೋಣ. ಕೇಳಿದ ಮೇಲೆ ‘ಇಲ್ಲ’ ಎಂಬ ಉತ್ತರಕ್ಕೂ ಸಿದ್ಧರಾಗಿರೋಣ. ಇಲ್ಲವೆಂದಾಗ ಮುಖ ಗಂಟಿಕ್ಕಿದರೆ ಆ ಪ್ರಶ್ನೆ ಬರಿಯ ನಾಟಕ. ಮೊನ್ನೆ ಫಿಲ್ಟರ್ ಮತ್ತೆ ಕೆಟ್ಟಿತು. ನಾನು ಕೇಳಿದೆ. ತಂದೆಯವರು ಡೈರಿ ನೋಡಿ, “ಗುರುವಾರ ಆಗಲ್ಲಪ್ಪ, ಆಟ ಇದೆ” ಎಂದರು. ತಾಯಿಯವರು ನಾನು ಕೇಳುವ ಮೊದಲೇ, “ನಂದೂ ಭಜನೆ” ಎಂದರು. ನಾನು ಅರ್ಧ ದಿನ ರಜೆ ಹಾಕಿ ಬಾಗಿಲು ಕಾದೆ. ರಿಪೇರಿಯವನು ಅಂದೂ ಸಂಜೆ ನಾಲ್ಕಕ್ಕೇ ಬಂದ.