ಲಿಂಕಿನಲ್ಲಿ ಅಳೆಯುವ ಅರಳುಮರಳು

ಅರವತ್ತಕ್ಕೆ ಅರಳುಮರಳು ಎಂಬ ಮಾತು ನಮ್ಮಲ್ಲಿ ಎಷ್ಟು ಸಲೀಸಾಗಿ ಓಡಾಡುತ್ತದೆಂದರೆ, ಅದರ ಹಿಂದೆ ಒಂದು ಕಾಯಿಲೆ ಇರಬಹುದು ಎಂದು ಯಾರಿಗೂ ಅನಿಸುವುದಿಲ್ಲ. ಅಜ್ಜ ಕೇಳಿದ್ದನ್ನೇ ನಾಲ್ಕು ಸಲ ಕೇಳಿದರೆ ನಗುತ್ತೇವೆ. ಅಜ್ಜಿ ಒಲೆಯ ಮೇಲೆ ಹಾಲಿಟ್ಟು ಮರೆತರೆ ಗದರುತ್ತೇವೆ. ಆಮೇಲೆ ಅದೇ ಅಜ್ಜಿಯನ್ನು ಹಾಸನಕ್ಕೆ ಬಸ್ಸು ಹತ್ತಿಸಿ ಆಪರೇಷನ್ನಿಗೆ ಕರೆದೊಯ್ಯುತ್ತೇವೆ. ಅಲ್ಲಿ ಬಿಪಿ ನೋಡುತ್ತಾರೆ, ಸಕ್ಕರೆ ನೋಡುತ್ತಾರೆ, ಇಸಿಜಿ ತೆಗೆಯುತ್ತಾರೆ. ನೆನಪು ಹೇಗಿದೆ ಎಂದು ಕೇಳುವವರು ಅಪರೂಪ.

ಈಗ ಕೇಳುವ ಕಾಲ ಬರುತ್ತಿದೆ. ಅಮೆರಿಕದ ಶಸ್ತ್ರವೈದ್ಯರ ಮತ್ತು ವೃದ್ಧಾಪ್ಯ ವೈದ್ಯರ ಸಂಘಗಳು 2012ರಲ್ಲೇ, ವಯಸ್ಸಾದವರಿಗೆ ಆಪರೇಷನ್ ಮಾಡುವ ಮೊದಲು ಅವರ ನೆನಪು-ಗ್ರಹಿಕೆಯನ್ನು ಪರೀಕ್ಷಿಸಿ ಎಂದು ಒಟ್ಟಾಗಿ ಹೇಳಿದವು. ಒಳ್ಳೆಯ ಮಾತು. ಆದರೆ ಆ ಒಳ್ಳೆಯ ಮಾತು ನಮ್ಮ ಕಡೆಗೆ ಮೊಬೈಲಿನ ಲಿಂಕಾಗಿ ಬರುತ್ತಿದೆ. ಮನೆಯಲ್ಲೇ ಕೂತು ಹತ್ತು ನಿಮಿಷದಲ್ಲಿ ಪರೀಕ್ಷೆ ಮುಗಿಸಿ, ಅಂಕ ತಾನಾಗಿ ಆಸ್ಪತ್ರೆಗೆ ಹೋಗುತ್ತದೆ ಎನ್ನುತ್ತಾರೆ. ನನ್ನ ತಕರಾರು ಈ ಲಿಂಕಿನ ಮೇಲೆ. ಕೇಳಬೇಕು, ಖಂಡಿತ ಕೇಳಬೇಕು. ಆದರೆ ಮನುಷ್ಯರು ಮನುಷ್ಯರನ್ನು ಕೇಳಬೇಕು.

ಯಾಕೆ ಕೇಳಬೇಕು ಎಂಬುದು ಮೊದಲು. ಅರಿವಳಿಕೆಯ ನಂತರ ಮುದುಕರು ಮೊದಲಿನಂತಿಲ್ಲ ಎಂಬ ಮನೆಯವರ ದೂರನ್ನು ಇಂಗ್ಲೆಂಡಿನ ಬೆಡ್‌ಫೋರ್ಡ್ ಎಂಬ ವೈದ್ಯರು 1955ರಲ್ಲೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. 1998ರಲ್ಲಿ ಪ್ರಕಟವಾದ ಹಲವು ದೇಶಗಳ ಅಧ್ಯಯನದಲ್ಲಿ, ದೊಡ್ಡ ಆಪರೇಷನ್ ಆದ ಅರವತ್ತು ದಾಟಿದ 1,218 ಜನರ ಪೈಕಿ ಸುಮಾರು ಕಾಲುಭಾಗದವರಲ್ಲಿ ಒಂದು ವಾರದ ನಂತರ ನೆನಪು-ಗ್ರಹಿಕೆ ಕುಗ್ಗಿತ್ತು. ಮೂರು ತಿಂಗಳ ನಂತರವೂ ಹತ್ತರಲ್ಲಿ ಒಬ್ಬರಿಗೆ ಅದು ಉಳಿದಿತ್ತು. ಸಣ್ಣ ಆಪರೇಷನ್ನುಗಳ ಬಗ್ಗೆ 2003ರಲ್ಲಿ ಬಂದ ಅಧ್ಯಯನದ ಫಲಿತಾಂಶ ಇದಕ್ಕಿಂತ ಮೃದು. ಆಸ್ಪತ್ರೆಯಲ್ಲಿ ಉಳಿದವರಲ್ಲಿ ವಾರದ ನಂತರ ಶೇ. 9.8 ಜನರಿಗೆ ತೊಂದರೆ ಕಂಡರೆ, ಅದೇ ದಿನ ಮನೆಗೆ ಹೋದವರಲ್ಲಿ ಶೇ. 3.5 ಮಾತ್ರ. ಮನೆಗೆ ಕಳಿಸುವುದು ಮುದುಕರಿಗೆ ಕೆಡುಕೇನಲ್ಲ. ಆದರೆ ಮೊದಲೇ ಮರೆವು ಶುರುವಾದವರಿಗೆ ಆಪರೇಷನ್ ನಂತರದ ಗೊಂದಲದ ಅಪಾಯ ಹೆಚ್ಚು. ಅವರು ಯಾರೆಂದು ಮೊದಲೇ ಗೊತ್ತಿದ್ದರೆ ಒಳ್ಳೆಯದಲ್ಲವೆ?

ನಮ್ಮ ಹಳ್ಳಿಗಳ ಹಿರಿಯರು ಬೆಳಿಗ್ಗೆ ಹೋಗಿ ಸಂಜೆ ಬರುವ ಆಪರೇಷನ್ ಎಂದರೆ ಬಹುಪಾಲು ಕಣ್ಣಿನ ಪೊರೆಯದು. ಇದಕ್ಕೆ ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ ಇಲ್ಲ, ಕಣ್ಣಿನ ಸುತ್ತ ಮರಗಟ್ಟಿಸಿದರೆ ಸಾಕು. ಆದರೂ ಅಲುಗದೆ ಮಲಗಬೇಕು, ಹೇಳಿದಂತೆ ಕೇಳಬೇಕು. ಮನೆಗೆ ಬಂದ ಮೇಲೆ ಕಣ್ಣು ಉಜ್ಜಬಾರದು, ದಿನಕ್ಕೆ ಹಲವು ಸಲದಂತೆ ವಾರಗಟ್ಟಲೆ ಹನಿ ಹಾಕಿಕೊಳ್ಳಬೇಕು. ಹನಿ ಹಾಕಿದ್ದೇ ನೆನಪಿಲ್ಲದವರಿಗೆ ಔಷಧಿ ಚೀಟಿ ಕೊಟ್ಟು ಕಳಿಸಿದರೆ ಆ ಕಣ್ಣಿನ ಗತಿ ಏನು? ಆದ್ದರಿಂದ ನೆನಪನ್ನು ವಿಚಾರಿಸಲೇಬೇಕು. ಪೊರೆ ಬಂದು ಮುಂದಿನವರ ಮುಖವೇ ಕಾಣದವರಿಗೆ ಅಂಗೈಯಗಲದ ಪರದೆ ಕೊಟ್ಟು, ಇದರಲ್ಲಿರುವ ಚಿತ್ರ ಯಾವುದು ಹೇಳಿ ಎನ್ನುವುದು ವಿಚಾರಣೆಯೇ ಅಲ್ಲ. ಕಣ್ಣು ಕಾಣದ್ದಕ್ಕೆ ಬುದ್ಧಿಯ ಅಂಕ ಕಳೆಯುವ ಕೆಲಸ ಅದು.

ಅರಕಲಗೂಡು ತಾಲ್ಲೂಕಿನ ಹಳ್ಳಿಯಲ್ಲಿರುವ ನನ್ನ ಸೋದರತ್ತೆಗೆ ಹೀಗೊಂದು ಲಿಂಕ್ ಬಂತು. ಬಂದದ್ದು ಅವರಿಗಲ್ಲ, ಬೆಂಗಳೂರಿನಲ್ಲಿರುವ ಮಗನ ನಂಬರಿಗೆ. ಅವನು ಹಾಸನದಲ್ಲಿ ಓದುವ ತನ್ನ ಅಣ್ಣನ ಮಗನಿಗೆ ಕಳಿಸಿದ. ಆ ಹುಡುಗ ಶನಿವಾರ ಊರಿಗೆ ಹೋಗಿ, ಅತ್ತೆಯನ್ನು ಜಗುಲಿಯ ಮೇಲೆ ಕೂರಿಸಿಕೊಂಡು ಪ್ರಶ್ನೆ ಓದಿದ. ಉತ್ತರ ತಡವಾದಾಗಲೆಲ್ಲ ತಾನೇ ಒತ್ತಿದ. ಗಡಿಯಾರ ಬಿಡಿಸಿದ್ದೂ ಅವನೇ. ಪರೀಕ್ಷೆಯಲ್ಲಿ ಬಂದ ಅಂಕ ಚೆನ್ನಾಗಿತ್ತು, ಪಿಯುಸಿ ಹುಡುಗನಿಗೆ ಬರಬೇಕಾದಷ್ಟೇ ಇತ್ತು. ಅತ್ತೆ ಪೂರ್ತಿಯಾಗಿ ಉತ್ತರಿಸಿದ್ದು ಒಂದೇ ಪ್ರಶ್ನೆಗೆ. ಇವತ್ತು ತಾರೀಖು ಎಷ್ಟು ಎಂದಾಗ, "ತಾರೀಖು ಕಟ್ಕೊಂಡು ನನಗೇನಾಗ್ಬೇಕು ಮಗ, ಅಮಾಸೆ ಕಳೆದು ಇವತ್ತಿಗೆ ಐದು ದಿನ" ಎಂದರು. ಲೆಕ್ಕ ಸರಿಯಾಗಿತ್ತು. ಅದನ್ನು ಬರೆಯಲು ಆ ಲಿಂಕಿನಲ್ಲಿ ಜಾಗವಿರಲಿಲ್ಲ.

ಇದು ನಮ್ಮ ಮನೆಯ ತಮಾಷೆ ಮಾತ್ರವಲ್ಲ. ಸ್ಮಾರ್ಟ್‌ಫೋನ್ ಹಿಡಿಯದ ತಲೆಮಾರಿಗೆ ಲಿಂಕ್ ಕಳಿಸಿದರೆ ಎರಡರಲ್ಲಿ ಒಂದು ಆಗುತ್ತದೆ. ಬೇರೆಯವರು ಉತ್ತರಿಸಿ, ಮರೆವಿರುವವರು ಪಾಸಾಗುತ್ತಾರೆ. ಇಲ್ಲವೇ ತಾವೇ ಉತ್ತರಿಸಲು ಹೋಗಿ, ಮರೆವಿಲ್ಲದವರು ಫೇಲಾಗುತ್ತಾರೆ. ಎರಡೂ ಸಂದರ್ಭದಲ್ಲಿ ವೈದ್ಯರ ಕೈಗೆ ಸಿಗುವುದು ಸುಳ್ಳು.

ಸುಳ್ಳಿನ ಬೇರು ಇನ್ನೂ ಆಳದಲ್ಲಿದೆ. ಜಗತ್ತಿನಾದ್ಯಂತ ಬಳಕೆಯಲ್ಲಿರುವ ಮೋಕಾ ಪರೀಕ್ಷೆ ಕೆನಡಾದ ಮಾಂಟ್ರಿಯಲ್‌ನಲ್ಲಿ ಹುಟ್ಟಿತು, 2005ರಲ್ಲಿ ಪ್ರಕಟವಾಯಿತು. ಅದರ ಮೂಲ ರೂಪದಲ್ಲಿ ಅಂಕಿ-ಅಕ್ಷರಗಳನ್ನು ಗೆರೆ ಎಳೆದು ಜೋಡಿಸಬೇಕು, ಘನಾಕೃತಿ ನೋಡಿ ಬರೆಯಬೇಕು, ನೂರರಿಂದ ಏಳೇಳು ಕಳೆಯುತ್ತ ಹೋಗಬೇಕು, ಘೇಂಡಾಮೃಗದ ಹೆಸರು ಹೇಳಬೇಕು. ಓದು ಹನ್ನೆರಡು ವರ್ಷ ಮೀರದವರಿಗೆ ಒಂದು ಅಂಕ ಉದಾರವಾಗಿ ಸೇರುತ್ತದೆ. ಶಾಲೆಯ ಮೆಟ್ಟಿಲೇ ಹತ್ತದವರಿಗೂ ಅದೇ ಒಂದು ಅಂಕ. 2011ರ ಜನಗಣತಿಯಲ್ಲಿ ಹಾಸನ ಜಿಲ್ಲೆಯ ಸಾಕ್ಷರತೆ ಸುಮಾರು ಶೇ. 76. ಅದು ಮಕ್ಕಳು ಮೊಮ್ಮಕ್ಕಳನ್ನೂ ಸೇರಿಸಿದ ಲೆಕ್ಕ, ಅಜ್ಜಿಯರದ್ದಷ್ಟೇ ತೆಗೆದರೆ ಎಷ್ಟೋ ಕೆಳಗಿಳಿಯುತ್ತದೆ. ಪೆನ್ಸಿಲ್ ಹಿಡಿಯದ ಕೈಗೆ ಘನಾಕೃತಿ ಬರೆಸಿ, ಬಾರದಿದ್ದರೆ ಮೆದುಳು ಸವೆದಿದೆ ಎನ್ನುವುದು ಯಾವ ವಿಜ್ಞಾನ? ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂದು ರಾಗಿಯ ಲೆಕ್ಕ ಬಾಯಲ್ಲೇ ಮಾಡಿದವರು, ಯಾವ ಮಳೆಗೆ ಏನು ಬಿತ್ತಬೇಕೆಂದು ನಕ್ಷತ್ರದ ಹೆಸರು ಹಿಡಿದು ಹೇಳುವವರು, ಮದುವೆಮನೆಯಲ್ಲಿ ರಾತ್ರಿಯೆಲ್ಲ ಸೋಬಾನೆ ಹಾಡಿದವರು ನಮ್ಮ ಹೆಂಗಸರು. ಸಾಹಿತ್ಯದ ವಿದ್ಯಾರ್ಥಿಗಳಾದ ನೀವು ಜನಪದ ಮಹಾಕಾವ್ಯಗಳನ್ನು ಪಠ್ಯವಾಗಿ ಓದುತ್ತೀರಿ. ಅವು ಪುಸ್ತಕವಾಗುವ ಮೊದಲು ಇದ್ದದ್ದು ಇಂಥವರ ನೆನಪಿನಲ್ಲೇ. ಆ ನೆನಪಿಗೆ ಒಂದು ಅಂಕದ ರಿಯಾಯಿತಿ!

ಬೇರೆ ದಾರಿಯೇ ಇಲ್ಲವೆಂದಲ್ಲ. ಹರಿಯಾಣದ ಬಲ್ಲಭಗಢದಲ್ಲಿ, ಓದು ಬಾರದ ಹಳ್ಳಿಯ ಹಿರಿಯರಿಗೆಂದೇ ಹಿಂದಿಯಲ್ಲಿ ರೂಪಿಸಿದ ಪರೀಕ್ಷೆ 1995ರಲ್ಲೇ ಪ್ರಕಟವಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಿದ್ಧಪಡಿಸಿದ ಪರೀಕ್ಷಾ ಸಂಚಿಕೆ ಐದು ಭಾರತೀಯ ಭಾಷೆಗಳಲ್ಲಿದೆ, ಕನ್ನಡ ಅವುಗಳಲ್ಲೊಂದು. ಇದು ನಮ್ಮ ನೆಲದಲ್ಲೇ ನಡೆದ ಕೆಲಸ. ಅದನ್ನು ಬದಿಗಿಟ್ಟು ಹೊರಗಿನ ಲಿಂಕನ್ನು ಕನ್ನಡಕ್ಕೆ ತರ್ಜುಮೆ ಮಾಡಿ ಹಂಚಿದರೆ ಅದನ್ನು ಸೋಮಾರಿತನ ಎನ್ನದೆ ಬೇರೇನೆನ್ನಬೇಕು?

ಸರ್ಕಾರಿ ಆಸ್ಪತ್ರೆಯ ವೈದ್ಯರಿಗೆ ಪುರುಸೊತ್ತೆಲ್ಲಿ, ಲಿಂಕಾದರೂ ಇರಲಿ ಎನ್ನುವವರಿದ್ದಾರೆ. ಈ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಹೊರರೋಗಿ ವಿಭಾಗದ ಸಾಲು ನೋಡಿದವರಾರೂ ತಳ್ಳಿಹಾಕಲಾರರು. ಆದರೆ ಇದು ವೈದ್ಯರೇ ಮಾಡಬೇಕಾದ ಕೆಲಸವಲ್ಲ. ತರಬೇತಿ ಪಡೆದ ದಾದಿಯೊಬ್ಬರು, ರಕ್ತ ತೆಗೆಯಲು ಕಾಯುವ ಹೊತ್ತಿನಲ್ಲೇ, ಐದು ನಿಮಿಷ ಮಾತಾಡಿಸಬಹುದು. ಮೂರು ಪದ ಹೇಳಿ ಸ್ವಲ್ಪ ಹೊತ್ತಿನ ಮೇಲೆ ಕೇಳಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಜೊತೆಗೆ ಬಂದ ಸೊಸೆಯನ್ನೋ ಮಗಳನ್ನೋ ಪಕ್ಕಕ್ಕೆ ಕರೆದು, ಎರಡು ವರ್ಷದ ಹಿಂದಿಗೂ ಈಗಿಗೂ ಏನು ವ್ಯತ್ಯಾಸ ಕಾಣುತ್ತಿದೆ ಎಂದು ಕೇಳಬಹುದು. ಮನೆಯವರಿಂದ ಕೇಳಿ ತಿಳಿಯುವ ಈ ವಿಧಾನಕ್ಕೆ ಶಾಲೆಯ ಓದು ಅಡ್ಡಬರುವುದು ಕಡಿಮೆ. ಬರಲಾಗದವರಿಗೆ ಫೋನ್ ಮಾಡಿ ಕನ್ನಡದಲ್ಲಿ ಮಾತಾಡಲಿ. ಫೋನಿನ ಮೇಲೆ ನಾನು ಸಿಟ್ಟಾಗಿಲ್ಲ, ಅದರ ಆಚೆಗೆ ಯಾರೂ ಇಲ್ಲದಿರುವುದರ ಮೇಲೆ ಸಿಟ್ಟಾಗಿದ್ದೇನೆ.

ಇನ್ನೊಂದು ಅಪಾಯವನ್ನು ಪೇಟೆಯವರು ಗಮನಿಸುವುದಿಲ್ಲ. ಚನ್ನರಾಯಪಟ್ಟಣವಾಗಲಿ ಹೊಳೆನರಸೀಪುರವಾಗಲಿ, ಕೋರ್ಟಿನ ಅಂಗಳದಲ್ಲಿ ಅರ್ಧ ದಿನ ನಿಂತರೆ ಪಾಲುಪಾರೀಕತ್ತಿನ ಜಗಳ ಕಿವಿಗೆ ಬೀಳದಿರುವುದಿಲ್ಲ. 1925ರ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ವಿಲ್ ಬರೆಯುವವರು ಸ್ವಸ್ಥಚಿತ್ತರಾಗಿರಬೇಕು. ಪೊರೆ ಆಪರೇಷನ್ನಿಗೆಂದು ಮೊಮ್ಮಗ ಒತ್ತಿದ ಪರೀಕ್ಷೆಯ ಅಂಕ, ನಾಳೆ ಹೆಣ್ಣುಮಕ್ಕಳಿಗೆ ಪಾಲು ಬರೆದ ಅಜ್ಜಿಯ ವಿಲ್ಲಿನ ವಿರುದ್ಧ ದಾಖಲೆಯಾಗಿ ನಿಲ್ಲುವುದಿಲ್ಲ ಎಂದು ಯಾರು ಭರವಸೆ ಕೊಡುತ್ತಾರೆ? ಮಗನ ಮೊಬೈಲಿನಲ್ಲಿ ಉಳಿದುಕೊಂಡ ಅಂಕ ಯಾರ ಸೊತ್ತು? ಇದು ತಪಾಸಣೆ ಮಾತ್ರ, ರೋಗನಿರ್ಣಯವಲ್ಲ ಎಂಬ ಸಾಲು ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿದ್ದರೆ ಸಾಲದು.

ಒಪ್ಪಿಗೆಯ ಮಾತೂ ಇದೇ. ರೋಗಿಗೆ ತಿಳಿವಳಿಕೆ ಇರುವಾಗ ಒಪ್ಪಿಗೆಯನ್ನು ರೋಗಿಯಿಂದಲೇ ಪಡೆಯಬೇಕು, ತಾಯಿಯ ಸಹಿಯೂ ಅದಕ್ಕೆ ಬದಲಲ್ಲ ಎಂದು ಸುಪ್ರೀಂ ಕೋರ್ಟ್ 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ನಮ್ಮಲ್ಲಿ ಮಗ ಸಹಿ ಹಾಕುತ್ತಾನೆ, ಅಪ್ಪ ಗೋಡೆ ನೋಡುತ್ತ ಕೂತಿರುತ್ತಾರೆ. ಕಡಿಮೆ ಅಂಕದ ಚೀಟಿಯೊಂದು ಸಿಕ್ಕರೆ ಅಪ್ಪನನ್ನು ಕೇಳದಿರಲು ಇನ್ನೊಂದು ನೆಪ ಸಿಕ್ಕಂತಾಗುತ್ತದೆ.

ಕಡಿಮೆ ಅಂಕ ಬಂದರೆ ಆಪರೇಷನ್ ಮುಂದೂಡುವುದು ಇನ್ನೂ ದೊಡ್ಡ ಅನ್ಯಾಯ. ಪೊರೆ ತೆಗೆಸಿಕೊಂಡವರಲ್ಲಿ ಡಿಮೆನ್ಷಿಯಾ ಕಡಿಮೆ ಕಂಡುಬಂತು ಎಂದು ಸಿಯಾಟಲ್‌ನ ಹಿರಿಯರ ಮೇಲೆ ನಡೆದ ಅಧ್ಯಯನ 2022ರಲ್ಲಿ ಹೇಳಿತು. ಚಿಕಿತ್ಸೆಯಿಲ್ಲದ ದೃಷ್ಟಿದೋಷವನ್ನು ಡಿಮೆನ್ಷಿಯಾದ ಅಪಾಯಗಳ ಪಟ್ಟಿಗೆ ಲ್ಯಾನ್ಸೆಟ್ ಆಯೋಗ 2024ರಲ್ಲಿ ಸೇರಿಸಿತು. ಮರೆವಿದೆಯೆಂದು ಕಣ್ಣು ತೆರೆಸದಿದ್ದರೆ ಮರೆವಿಗೆ ನೀರೆರೆದಂತೆ.

ಹಾಗಾದರೆ ಮರೆವು ಕಂಡರೆ ಮಾಡಬೇಕಾದ್ದೇನು? ಅಮೆರಿಕದ ಯೇಲ್‌ನಲ್ಲಿ ಆಸ್ಪತ್ರೆಗೆ ದಾಖಲಾದ ಎಪ್ಪತ್ತು ದಾಟಿದ 852 ಜನರ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗೊಂದಲದ ಸ್ಥಿತಿಗೆ ಜಾರಿದವರ ಪ್ರಮಾಣ ಶೇ. 15ರಿಂದ 9.9ಕ್ಕೆ ಇಳಿಯಿತು. ಇಳಿಸಿದ್ದು ದುಬಾರಿ ಮದ್ದಲ್ಲ. ಕನ್ನಡಕ ಮತ್ತು ಶ್ರವಣಯಂತ್ರ ಕೈಗೆ ಸಿಗುವಂತಿಟ್ಟದ್ದು, ನೀರು ಕುಡಿಸಿದ್ದು, ನಿದ್ದೆಗೆಡಿಸದೆ ಬಿಟ್ಟದ್ದು, ಎಬ್ಬಿಸಿ ನಡೆಸಿದ್ದು, ಎಲ್ಲಿದ್ದೀರಿ ಎಂದು ಆಗಾಗ ಮಾತಾಡಿಸಿದ್ದು. ಇವೆಲ್ಲ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲೂ, ತಾಲ್ಲೂಕು ಆಸ್ಪತ್ರೆಗಳಲ್ಲೂ ನಾಳೆಯಿಂದಲೇ ಆಗುವಂಥವು. ಇವುಗಳ ಜೊತೆಗೆ ಮಂಪರು ತರುವ ಮಾತ್ರೆಗಳ ಬಗ್ಗೆ ಎಚ್ಚರ, ಹನಿ ಹಾಕುವ ಜವಾಬ್ದಾರಿ ಮನೆಯಲ್ಲಿ ಯಾರದ್ದೆಂದು ಹೆಸರು ಕೇಳಿ ಬರೆದುಕೊಳ್ಳುವುದು, ಮೂರನೇ ದಿನ ಆಶಾ ಕಾರ್ಯಕರ್ತೆ ಒಮ್ಮೆ ಮನೆಗೆ ಹೋಗಿ ನೋಡುವುದು, ಆ ಭೇಟಿಗೆ ಅವರಿಗೆ ಸರಿಯಾದ ದುಡ್ಡು ಕೊಡುವುದು.

ಲಿಂಕ್ ಕಳಿಸಿದರೆ ಆಸ್ಪತ್ರೆಯ ಕಡತ ತುಂಬುತ್ತದೆ, ಕೇಳಿದ್ದೇವೆ ಎಂಬ ಸಮಾಧಾನವೂ ಸಿಗುತ್ತದೆ. ಯಾರನ್ನು ಕೇಳಿದಿರಿ ಎಂದು ನಾವು ಕೇಳಬೇಕು. ಮುಂದಿನ ಸಲ ನಿಮ್ಮ ಫೋನಿಗೆ ಅಂಥದ್ದೊಂದು ಬಂದರೆ ಅಜ್ಜಿಯ ಪರವಾಗಿ ಒತ್ತಬೇಡಿ. ಆಸ್ಪತ್ರೆಗೆ ಫೋನ್ ಮಾಡಿ, ನಮ್ಮ ಅಜ್ಜಿಯನ್ನು ಕರೆದುಕೊಂಡು ಬರುತ್ತೇವೆ, ಐದು ನಿಮಿಷ ನೀವೇ ಕೂತು ಮಾತಾಡಿಸಿ ಎಂದು ಹೇಳಿ.