ಕನ್ನಡಕ್ಕೆ ಅನ್ಯಾಯ ಮಾಡಿದವರು ಯಾರು?



ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳ ಪಟ್ಟಿ ಹೊರಬಿದ್ದ ದಿನ ನನ್ನ ದೂರವಾಣಿಗೆ ಬಿಡುವಿರುವುದಿಲ್ಲ. “ಸಾರ್, ಈ ಸಲವೂ ಕನ್ನಡಕ್ಕೆ ಅನ್ಯಾಯವಾಯಿತು” ಎಂದು ಒಬ್ಬರು. “ದೆಹಲಿಯವರ ಕಣ್ಣಿಗೆ ನಾವು ಕಾಣುವುದೇ ಇಲ್ಲ ಮಾವ” ಎಂದು ಇನ್ನೊಬ್ಬರು. 2023ರ ಚಿತ್ರಗಳ ಪ್ರಶಸ್ತಿಗಳು 2025ರ ಆಗಸ್ಟಿನಲ್ಲಿ ಪ್ರಕಟವಾದಾಗಲೂ ಇದೇ ರಾಗ, ಇದೇ ತಾಳ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವ ಶಕ್ತಿ ಈ ವಯಸ್ಸಿನಲ್ಲಿ ಇಲ್ಲ. ಆದ್ದರಿಂದ ಎಲ್ಲರಿಗೂ ಸೇರಿಸಿ ಒಂದೇ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಕೆಲವರಿಗೆ ಕೋಪ ಬರಬಹುದು. ತರಗತಿಯಲ್ಲಿ ನನ್ನ ಕೋಪವನ್ನು ನೀವು ಸಹಿಸಿಕೊಂಡಿದ್ದೀರಿ. ಈಗ ನಿಮ್ಮ ಕೋಪವನ್ನು ನಾನು ಸಹಿಸುತ್ತೇನೆ.

ನನ್ನ ವಾದ ಇಷ್ಟೇ. ಕನ್ನಡ ಚಿತ್ರಗಳಿಗೆ ಅನ್ಯಾಯ ಆಗಿರುವುದು ನಿಜ. ಆದರೆ ಅದರಲ್ಲಿ ದೆಹಲಿಯ ಪಾಲು ಕಡಿಮೆ, ನಮ್ಮ ಪಾಲೇ ಹೆಚ್ಚು.

ಮೊದಲು ಲೆಕ್ಕವನ್ನು ಸರಿಯಾಗಿ ಇಡೋಣ. ಇಡೀ ದೇಶದ ಅತ್ಯುತ್ತಮ ಕಥಾಚಿತ್ರಕ್ಕೆ ಸಲ್ಲುವ ಸ್ವರ್ಣಕಮಲ ಕನ್ನಡಕ್ಕೆ ಆರು ಬಾರಿ ಬಂದಿದೆ: 1970ರ ‘ಸಂಸ್ಕಾರ’, 1975ರ ‘ಚೋಮನ ದುಡಿ’, 1977ರ ‘ಘಟಶ್ರಾದ್ಧ’, 1986ರ ‘ತಬರನ ಕಥೆ’, 1997ರ ‘ತಾಯಿ ಸಾಹೇಬ’, 2001ರ ‘ದ್ವೀಪ’. ಅತ್ಯುತ್ತಮ ನಟ ಪ್ರಶಸ್ತಿಯನ್ನು ಕನ್ನಡ ಚಿತ್ರಗಳಿಂದ ಎಂ.ವಿ. ವಾಸುದೇವರಾವ್, ಚಾರುಹಾಸನ್, ಸಂಚಾರಿ ವಿಜಯ್ ಹಾಗೂ ರಿಷಬ್ ಶೆಟ್ಟಿ ಪಡೆದಿದ್ದಾರೆ. ‘ಕಾಡು’ ಚಿತ್ರಕ್ಕಾಗಿ ನಂದಿನಿ ಭಕ್ತವತ್ಸಲ, ‘ಹಸೀನಾ’ಕ್ಕಾಗಿ ತಾರಾ, ‘ಗುಲಾಬಿ ಟಾಕೀಸು’ ಚಿತ್ರಕ್ಕಾಗಿ ಉಮಾಶ್ರೀ ಅತ್ಯುತ್ತಮ ನಟಿಯರಾಗಿದ್ದಾರೆ. ಇದು ಭಿಕ್ಷುಕನ ಜೋಳಿಗೆಯಲ್ಲ, ತುಂಬಿದ ಮನೆಯ ಕಣಜ. ಕಣಜ ತುಂಬಿರುವಾಗ ಉಪವಾಸವೆಂದು ಕೂಗುವವನನ್ನು ನಮ್ಮ ಹಿರಿಯರು ಏನೆಂದು ಕರೆಯುತ್ತಿದ್ದರು ಎಂಬುದು ನಿಮಗೆ ಗೊತ್ತು.

ಕಳೆದ ವರ್ಷ ನಮ್ಮ ಬಂಧುಗಳ ಮನೆಯ ಗೃಹಪ್ರವೇಶದಲ್ಲಿ ಊಟದ ನಂತರ ಜಗಲಿಯಲ್ಲಿ ಕುಳಿತಿದ್ದ ಹುಡುಗ ಹುಡುಗಿಯರ ಗುಂಪೊಂದು ಇದೇ ಅನ್ಯಾಯವನ್ನು ಕುರಿತು ಬಿಸಿಬಿಸಿಯಾಗಿ ಚರ್ಚಿಸುತ್ತಿತ್ತು. ನಾನು ಆ ಆರು ಚಿತ್ರಗಳ ಹೆಸರು ಹೇಳಿ, ಯಾರು ಯಾವುದನ್ನು ನೋಡಿದ್ದೀರಿ ಎಂದು ಕೇಳಿದೆ. ಹನ್ನೊಂದು ಜನರಲ್ಲಿ ಒಬ್ಬಳು ಮಾತ್ರ ಕೈ ಎತ್ತಿದಳು. ಆಕೆ ನೋಡಿದ್ದು ‘ತಬರನ ಕಥೆ’ಯ ಅರ್ಧ ಭಾಗ. ಉಳಿದರ್ಧವನ್ನೂ ನೋಡಿದ್ದರೆ, ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಆ ತಬರನಲ್ಲಿ ತನ್ನ ಅಜ್ಜನನ್ನೋ, ನಮ್ಮಂಥ ನಿವೃತ್ತ ಮೇಷ್ಟರನ್ನೋ ಅವಳು ಕಾಣುತ್ತಿದ್ದಳು. ಬಂದ ಪ್ರಶಸ್ತಿಯನ್ನು ನೋಡದವರಿಗೆ ಬಾರದ ಪ್ರಶಸ್ತಿಯ ಬಗ್ಗೆ ಅಳುವ ಹಕ್ಕು ಎಲ್ಲಿಂದ ಬಂತು?

ಹಾಗೆಂದು ನಾನು ತೀರ್ಪುಗಾರರ ವಕಾಲತ್ತು ವಹಿಸುತ್ತಿಲ್ಲ. ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಹೋದವರೆಲ್ಲರಿಗೂ ಒಂದು ಸಂಗತಿ ಗೊತ್ತಿರುತ್ತದೆ. ನಮ್ಮ ಕೈಗೆ ಮಾದರಿ ಉತ್ತರಗಳ ಹಾಳೆಯೊಂದನ್ನು ಕೊಡುತ್ತಾರೆ. ಹುಡುಗನೊಬ್ಬ ಆ ಹಾಳೆಯಲ್ಲಿ ಇಲ್ಲದ ಸೊಗಸಾದ ಮಾತೊಂದನ್ನು ಬರೆದಿದ್ದರೆ ನಾವು ಮನಸ್ಸಿನಲ್ಲೇ ಭೇಷ್ ಎನ್ನಬಹುದು, ಅಂಕ ಕೊಡಲು ಅಲ್ಲಿ ಜಾಗವಿರುವುದಿಲ್ಲ. ಪ್ರಶಸ್ತಿಯೂ ಹಾಗೆಯೇ. ನಟನೆಗೆ ರಾಷ್ಟ್ರಪ್ರಶಸ್ತಿ ಆರಂಭವಾದದ್ದು 1967ರ ಚಿತ್ರಗಳಿಂದ. ಪೋಷಕ ಪಾತ್ರಗಳಿಗೆ ಪ್ರತ್ಯೇಕ ಪ್ರಶಸ್ತಿ ಬಂದದ್ದು 1984ರ ಚಿತ್ರಗಳಿಂದ. ಅದಕ್ಕಿಂತ ಮುಂಚಿನ ನಮ್ಮ ನರಸಿಂಹರಾಜು, ಬಾಲಕೃಷ್ಣ, ಪಂಢರಿಬಾಯಿ ಮೊದಲಾದವರು ಪೋಷಕ ಪಾತ್ರಗಳಲ್ಲಿ ಎಷ್ಟೇ ಚೆನ್ನಾಗಿ ‘ಉತ್ತರ ಬರೆದರೂ’ ಹಾಳೆಯಲ್ಲಿ ಅವರಿಗೆ ಕಲಮೇ ಇರಲಿಲ್ಲ.

ಗಿರೀಶ ಕಾಸರವಳ್ಳಿಯವರ ಉದಾಹರಣೆ ಇನ್ನೂ ವಿಚಿತ್ರ. ಮೇಲಿನ ಆರರಲ್ಲಿ ನಾಲ್ಕು ಅವರ ಚಿತ್ರಗಳು. ಆದರೆ ಆ ನಾಲ್ಕೂ ವರ್ಷ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಬೇರೆಯವರಿಗೆ ಹೋಯಿತು. 1977 ಮತ್ತು 1986ರಲ್ಲಿ ಮಲಯಾಳದ ಜಿ. ಅರವಿಂದನ್ ಅವರಿಗೆ. ಅತ್ಯುತ್ತಮ ಚಿತ್ರದ ನಿರ್ದೇಶಕನಿಗೂ ಕಮಲ ಸಲ್ಲುವುದರಿಂದ, ಇದನ್ನು ಇವರಿಗೆ ಅದನ್ನು ಅವರಿಗೆ ಎಂದು ಹಂಚುವ ಯೋಚನೆ ಇದ್ದಿರಬಹುದು. ಅರವಿಂದನ್ ದೊಡ್ಡ ಕಲಾವಿದರು. ಅವರಿಗೆ ಸಂದದ್ದನ್ನು ಅನ್ಯಾಯ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ಪ್ರಶಸ್ತಿಯ ತಕ್ಕಡಿಗೆ ಒಂದು ಮಿತಿಯಿದೆ ಎಂದಷ್ಟೇ ಇದರಿಂದ ತಿಳಿಯಬೇಕು. ಆ ಮಿತಿಯಿಂದ ಹೊರಗೆ ಉಳಿದವರನ್ನು ನೆನಪಿನಲ್ಲಿ ಇಟ್ಟುಕೊಳ್ಳುವ ಕೆಲಸ ಪ್ರೇಕ್ಷಕರಾದ ನಮ್ಮದು.

ಆ ಕೆಲಸದಲ್ಲಿ ನನ್ನ ಪಾಲಿನದನ್ನು ಇಲ್ಲಿ ಮಾಡುತ್ತೇನೆ. ರಾಷ್ಟ್ರಮಟ್ಟದ ನಟನಾ ಪ್ರಶಸ್ತಿ ದೊರೆಯದ, ನನ್ನ ಮಟ್ಟಿಗೆ ಶ್ರೇಷ್ಠವಾದ ನಾಲ್ಕು ಪಾತ್ರಗಳು ಇವು.

ಮೊದಲನೆಯದು 1972ರ ‘ನಾಗರಹಾವು’ ಚಿತ್ರದ ಚಾಮಯ್ಯ ಮೇಷ್ಟ್ರು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ಮಾಡಿದ ಈ ಚಿತ್ರವನ್ನು ನೆನೆದ ಕೂಡಲೇ ಎಲ್ಲರೂ ರಾಮಾಚಾರಿಯನ್ನೂ ಜಲೀಲನನ್ನೂ ನೆನೆಯುತ್ತಾರೆ. ನಾನು ಕೆ.ಎಸ್. ಅಶ್ವಥ್ ಅವರನ್ನು ನೆನೆಯುತ್ತೇನೆ. ಆ ಪಾತ್ರಕ್ಕೆ ಅವರಿಗೆ ರಾಜ್ಯ ಪ್ರಶಸ್ತಿ ಬಂತು. ರಾಷ್ಟ್ರಪ್ರಶಸ್ತಿಯಲ್ಲಿ ಆಗ ಪೋಷಕ ನಟನಿಗೆ ಸ್ಥಾನವೇ ಇರಲಿಲ್ಲ. ಚಾಮಯ್ಯನನ್ನು ಆದರ್ಶ ಗುರು ಎಂದು ಕೈಮುಗಿದು ಸುಮ್ಮನಾಗುವವರು ಚಿತ್ರವನ್ನು ಮತ್ತೊಮ್ಮೆ ನೋಡಬೇಕು. ಆ ಮೇಷ್ಟ್ರು ಶಿಷ್ಯನನ್ನು ಪ್ರಾಣದಂತೆ ಪ್ರೀತಿಸುತ್ತಾರೆ. ಅದೇ ಪ್ರೀತಿಯನ್ನು ಮುಂದಿಟ್ಟು ಅವನು ಮೆಚ್ಚಿದ ಅಲಮೇಲುವನ್ನು ಬಿಡಿಸುತ್ತಾರೆ. ಅವಳ ಬದುಕು ಮುಂದೆ ಬೀದಿಪಾಲಾಗುತ್ತದೆ. ಮಾರ್ಗರೆಟ್ ವಿಷಯದಲ್ಲಿಯೂ ಅವರ ಅಡ್ಡಿ ತಪ್ಪುವುದಿಲ್ಲ. ಕೊನೆಗೆ ಶಿಷ್ಯನ ಕೈಯಿಂದಲೇ ಬೆಟ್ಟದ ಮೇಲಿಂದ ಉರುಳುತ್ತಾರೆ. ಮಮತೆಯನ್ನೂ, ಜಾತಿಧರ್ಮಗಳ ಮುಂದೆ ಕುರುಡಾಗುವ ಮನಸ್ಸನ್ನೂ ಒಂದೇ ಮುಖದಲ್ಲಿ, ಒಂದೇ ಧ್ವನಿಯಲ್ಲಿ ಅಶ್ವಥ್ ತೋರಿಸಿದರು. ಅಧ್ಯಾಪಕ ವೃತ್ತಿಯಲ್ಲಿ ಇರುವವರು ಈ ಪಾತ್ರವನ್ನು ನೋಡಿ ಹೆಮ್ಮೆಪಡುವುದಕ್ಕಿಂತ ಹೆಚ್ಚಾಗಿ ಅಂಜಬೇಕು. ನಮ್ಮ ಮಾತನ್ನು ಮೀರಲಾರದ ಮಕ್ಕಳ ಮೇಲೆ ನಾವು ಯಾವ ಮಾತನ್ನು ಹೇರುತ್ತಿದ್ದೇವೆ ಎಂದು ಕೇಳಿಕೊಳ್ಳಬೇಕು.

ಎರಡನೆಯದು ‘ಘಟಶ್ರಾದ್ಧ’ದ ಯಮುನಕ್ಕ. ಯು.ಆರ್. ಅನಂತಮೂರ್ತಿಯವರ ಕಥೆ. ಈ ಚಿತ್ರದ ನಾಣಿಯ ಪಾತ್ರ ಮಾಡಿದ ಬಾಲಕ ಅಜಿತ್ ಕುಮಾರನಿಗೆ ಅತ್ಯುತ್ತಮ ಬಾಲನಟ ಪ್ರಶಸ್ತಿ ಬಂತು, ಸಂಗೀತಕ್ಕಾಗಿ ಬಿ.ವಿ. ಕಾರಂತರಿಗೂ ಬಂತು. ಯಮುನೆಯಾಗಿದ್ದ ಮೀನಾ ಕುಟ್ಟಪ್ಪ ಅವರಿಗೆ ಬರಲಿಲ್ಲ. ವೇದಪಾಠಶಾಲೆಯ ಉಡುಪರ ವಿಧವೆ ಮಗಳು ಗರ್ಭಿಣಿಯಾಗುತ್ತಾಳೆ. ಕಾರಣನಾದವನು ಊರ ಶಾಲೆಯ ಮೇಷ್ಟರು. ಹೌದು, ಇಲ್ಲಿಯೂ ನಮ್ಮವನೇ. ಅವಳ ಭಯ, ಆಸೆ, ನಾಚಿಕೆಗಳನ್ನು ನಾವು ಆ ಪುಟ್ಟ ಹುಡುಗನ ಕಣ್ಣಿನಿಂದ ನೋಡುತ್ತೇವೆ. ಆ ನಟಿ ಅಳುವುದು ಕಡಿಮೆ, ಮಾತು ಅದಕ್ಕಿಂತ ಕಡಿಮೆ. ಬದುಕಿರುವಾಗಲೇ ಶ್ರಾದ್ಧ ಮಾಡಿಸಿಕೊಂಡು, ತಲೆ ಬೋಳಿಸಿಕೊಂಡು ಮರದಡಿ ಕುಳಿತ ಅವಳ ಮುಖವನ್ನು ಒಮ್ಮೆ ಕಂಡವರು ಮರೆಯಲಾರರು.

ಮೂರನೆಯದು 1971ರ ‘ಶರಪಂಜರ’ದ ಕಾವೇರಿ. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣನವರ ನಿರ್ದೇಶನ, ಕಲ್ಪನಾ ಅವರ ಅಭಿನಯ. ಮಾನಸಿಕ ಚಿಕಿತ್ಸೆ ಪಡೆದು ಗುಣವಾಗಿ ಮನೆಗೆ ಮರಳಿದ ಹೆಣ್ಣನ್ನು ಗಂಡನೂ ನೆರೆಹೊರೆಯೂ ಸೇರಿ ಮತ್ತೆ ಆಸ್ಪತ್ರೆಗೆ ನೂಕುವ ಕಥೆ. ಕಲ್ಪನಾ ಅವರದು ಅತಿ ಅಭಿನಯ ಎಂದು ಮೂಗು ಮುರಿಯುವವರಿದ್ದಾರೆ. ಅವರಿಗೆ ನನ್ನ ಪ್ರಶ್ನೆ: ಯಾರೂ ಕಿವಿಗೊಡದ ಮನೆಯಲ್ಲಿ ಹೆಂಗಸೊಬ್ಬಳು ಮೆಲುದನಿಯಲ್ಲಿ ಮಾತನಾಡಿ ಪ್ರಯೋಜನವೇನು? ಆ ದನಿ ಏರುವುದಕ್ಕೆ ಕಾರಣ ಕಥೆಯೊಳಗೇ ಇದೆ.

ನಾಲ್ಕನೆಯದು ‘ದ್ವೀಪ’ದ ನಾಗಿ. ನಾ. ಡಿಸೋಜ ಅವರ ಕಾದಂಬರಿ. ತೆಲುಗಿನ ಜನಪ್ರಿಯ ತಾರೆಯಾಗಿದ್ದ ಸೌಂದರ್ಯ ತಾವೇ ಹಣ ಹೂಡಿ ಈ ಚಿತ್ರ ನಿರ್ಮಿಸಿದರು. ನಿರ್ಮಾಪಕಿಯಾಗಿ ಸ್ವರ್ಣಕಮಲ ಪಡೆದರು. ರಾಷ್ಟ್ರಮಟ್ಟದ ನಟಿಯ ಪ್ರಶಸ್ತಿ ಮಾತ್ರ ಅವರದಾಗಲಿಲ್ಲ. 2004ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅಣೆಕಟ್ಟಿನ ನೀರು ಸುತ್ತಲೂ ಏರುತ್ತಿರುವಾಗ ಮನೆಯನ್ನೂ ಜೀವಗಳನ್ನೂ ಕಾಪಾಡುವವಳು ನಾಗಿ. ಮಳೆ ನಿಂತ ಮೇಲೆ ಗಂಡ ಅದೆಲ್ಲ ದೈವದ ಕೃಪೆ ಎನ್ನುತ್ತಾನೆ. ಆಗ ಸೌಂದರ್ಯರ ಮುಖವನ್ನು ನೋಡಿ. ದುಡಿದವಳ ಹೆಸರನ್ನು ಹೇಳದ ಮನೆಗಳು ನಮ್ಮಲ್ಲಿ ಎಷ್ಟಿವೆಯೋ ಅಷ್ಟೂ ಮನೆಗಳು ಆ ಮುಖದಲ್ಲಿ ಕಾಣುತ್ತವೆ.

“ರಾಜ್‌ಕುಮಾರ್ ಅವರನ್ನು ಬಿಟ್ಟಿರಲ್ಲ?” ಎಂದು ನೀವು ಕೇಳುವುದು ಖಚಿತ. ಅವರಿಗೆ ಅತ್ಯುತ್ತಮ ನಟ ಎಂಬ ರಾಷ್ಟ್ರಪ್ರಶಸ್ತಿ ಬರಲೇ ಇಲ್ಲ. 1992ರ ‘ಜೀವನ ಚೈತ್ರ’ದ ಹಾಡಿಗಾಗಿ ಅತ್ಯುತ್ತಮ ಗಾಯಕ ಪ್ರಶಸ್ತಿ ಬಂತು. 1995ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯೂ ಬಂತು. ಅವರನ್ನು ನಾನು ಬಿಟ್ಟದ್ದು ಬೇಕೆಂದೇ. ಅವರಿಗೆ ನಮ್ಮ ನೆನಪಿನ ಕೊರತೆಯಿಲ್ಲ. ಮೀನಾ ಕುಟ್ಟಪ್ಪ ಅವರಿಗೆ ಇದೆ. ‘ಫಣಿಯಮ್ಮ’ನಾಗಿ ಬಾಳಿದ ಎಲ್.ವಿ. ಶಾರದಾ ಅವರಿಗೆ ಇದೆ. ಅಭಿಮಾನ ಎಂಬುದು ತುಂಬಿದ ಕೊಡಕ್ಕೆ ಮತ್ತೆ ನೀರು ಸುರಿಯುವ ಕೆಲಸವಾಗಬಾರದು.

ಈಗ ಶೀರ್ಷಿಕೆಯ ಪ್ರಶ್ನೆಗೆ ಬರುತ್ತೇನೆ. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನಾ’. ಅದರ ಒಂದು ಪ್ರತಿಯೂ ಇಂದು ಉಳಿದಿಲ್ಲ. ಅದನ್ನು ಕಳೆದದ್ದು ಯಾವ ತೀರ್ಪುಗಾರರ ಮಂಡಳಿ? ‘ಘಟಶ್ರಾದ್ಧ’ವನ್ನು ಮತ್ತೆ ಹೊಸದರಂತೆ ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಆ ಕೆಲಸಕ್ಕೆ ಕೈಹಾಕಿದ್ದು ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಅಮೆರಿಕದ ಮಾರ್ಟಿನ್ ಸ್ಕಾರ್ಸೆಸಿ ಅವರ ಸಂಸ್ಥೆ. ಹಣ ಕೊಟ್ಟದ್ದು ಇನ್ನೊಬ್ಬ ಅಮೆರಿಕನ್ ನಿರ್ದೇಶಕ ಜಾರ್ಜ್ ಲೂಕಸ್ ಅವರ ಕುಟುಂಬದ ಪ್ರತಿಷ್ಠಾನ. ಮಲೆನಾಡಿನ ಅಗ್ರಹಾರದ ಕಥೆಯನ್ನು ಉಳಿಸಲು ಕ್ಯಾಲಿಫೋರ್ನಿಯಾದಿಂದ ಹಣ ಬರಬೇಕಾಯಿತು. ಕೋಟಿಗಟ್ಟಲೆ ಕನ್ನಡಿಗರಿರುವ ಈ ನಾಡಿನಲ್ಲಿ ಕೊಡುವ ಕೈಗಳಿರಲಿಲ್ಲವೇ? ಕೈಗಳಿದ್ದವು, ಅವು ನಾಯಕನಟರ ಕಟೌಟಿಗೆ ಹಾಲು ಸುರಿಯುತ್ತಿದ್ದವು.

ಸಂಚಾರಿ ವಿಜಯ್ ಅವರನ್ನೂ ನೆನೆಯಿರಿ. 2014ರ ‘ನಾನು ಅವನಲ್ಲ ಅವಳು’ ಚಿತ್ರಕ್ಕಾಗಿ ದೆಹಲಿ ಆ ಹುಡುಗನನ್ನು ದೇಶದ ಅತ್ಯುತ್ತಮ ನಟ ಎಂದಿತು. 2021ರ ಜೂನ್‌ನಲ್ಲಿ ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡು, ಅಂಗಾಂಗಗಳನ್ನು ದಾನ ಮಾಡಿದ ಸುದ್ದಿ ಬಂದಾಗ ನಿಮ್ಮಲ್ಲಿ ಅನೇಕರು ಕಣ್ಣೀರು ತುಂಬಿದ ಸಂದೇಶಗಳನ್ನು ಕಳಿಸಿದಿರಿ. ಆ ಚಿತ್ರವನ್ನು ನೋಡಿದ್ದೀರಾ ಎಂದು ನಾನು ಕೇಳಿದಾಗ ಬಂದ ಉತ್ತರ ಬಹುಪಾಲು ಮೌನ. ದೆಹಲಿ ಕೊಟ್ಟದ್ದನ್ನು ನಾವು ತೆಗೆದುಕೊಳ್ಳಲಿಲ್ಲ.

ಆದ್ದರಿಂದ ಮುಂದಿನ ಸಲ ಪಟ್ಟಿ ಹೊರಬಿದ್ದಾಗ ನನಗೆ ದೂರು ಕಳಿಸಬೇಡಿ. ಬದಲಿಗೆ, ಹಳೆಯ ಅಭ್ಯಾಸದಂತೆ, ಒಂದು ಮನೆಗೆಲಸ ಕೊಡುತ್ತೇನೆ. ಆ ಆರು ಚಿತ್ರಗಳಲ್ಲಿ ಒಂದನ್ನಾದರೂ ಮನೆಮಂದಿಯನ್ನೆಲ್ಲ ಕೂಡಿಸಿಕೊಂಡು ಕೊನೆಯವರೆಗೂ ನೋಡಿ. ಪ್ರಶಸ್ತಿ ಬಾರದ ಒಬ್ಬ ನಟನೋ ನಟಿಯೋ ನಿಮ್ಮನ್ನು ಹಿಡಿದು ನಿಲ್ಲಿಸಿದ ಪಾತ್ರದ ಬಗ್ಗೆ ಒಂದು ಪುಟ ಬರೆದು ನನಗೆ ಕಳಿಸಿ. ಕನ್ನಡದಲ್ಲಿ ಬರೆಯಿರಿ, ಕಾಗುಣಿತ ತಪ್ಪಿದರೂ ಅಡ್ಡಿಯಿಲ್ಲ, ತಿದ್ದಲು ನಾನಿದ್ದೇನೆ. ನನ್ನ ಪಟ್ಟಿಯನ್ನು ನೀವು ಒಪ್ಪಬೇಕಾಗಿಲ್ಲ. ಕಾವೇರಿಗಿಂತ ದೊಡ್ಡ ಪಾತ್ರ ಇನ್ನೊಂದಿದೆ ಎಂದು ವಾದಿಸಿದರೆ ಸಂತೋಷದಿಂದ ಓದುತ್ತೇನೆ. ಗಡುವು ದೀಪಾವಳಿ. ತಡವಾಗಿ ತಂದವರಿಗೆ ನಾನು ಏನು ಮಾಡುತ್ತಿದ್ದೆ ಎಂಬುದು ನಿಮಗೆ ನೆನಪಿರಬೇಕು.