ಕೈಯಾಟದ ಯಂತ್ರ ಯಾರ ಸೊತ್ತು?

2023ರ ಮಾರ್ಚ್ 27ರಂದು ಜಪಾನಿನ ನಿಂಟೆಂಡೊ ಕಂಪನಿಯು ತನ್ನ 3ಡಿಎಸ್ ಎಂಬ ವಿಡಿಯೋ ಆಟದ ಯಂತ್ರಕ್ಕಾಗಿ ನಡೆಸುತ್ತಿದ್ದ ಅಂತರ್ಜಾಲ ಅಂಗಡಿಯನ್ನು ಮುಚ್ಚಿತು. 2011ರಲ್ಲಿ ಮಾರುಕಟ್ಟೆಗೆ ಬಂದ ಈ ಯಂತ್ರ ಜಗತ್ತಿನಾದ್ಯಂತ ಏಳೂವರೆ ಕೋಟಿಗೂ ಹೆಚ್ಚು ಮಾರಾಟವಾಗಿತ್ತು. ಅಂದು ಯಾವ ಯಂತ್ರವೂ ಕೆಟ್ಟುಹೋಗಲಿಲ್ಲ. ಪರದೆ ಬೆಳಗುತ್ತಿತ್ತು, ಗುಂಡಿಗಳು ಕೆಲಸ ಮಾಡುತ್ತಿದ್ದವು. ಆದರೆ ಆ ಅಂಗಡಿಯಲ್ಲಿ ಮಾತ್ರ ದೊರೆಯುತ್ತಿದ್ದ ಆಟಗಳನ್ನು ಅಲ್ಲಿಂದೀಚೆಗೆ ಹಣ ಕೊಟ್ಟರೂ ಕೊಳ್ಳುವಂತಿಲ್ಲ. ಕೊಂಡವನ ಕೈಯಲ್ಲಿ ಗಟ್ಟಿಮುಟ್ಟಾಗಿರುವ ವಸ್ತುವೊಂದರ ಆಯುಷ್ಯವನ್ನು ಸಾವಿರಾರು ಮೈಲಿ ದೂರದ ಕಚೇರಿಯೊಂದು ನಿರ್ಧರಿಸುವ ವಿಚಿತ್ರ ವ್ಯವಸ್ಥೆ ಇದು.

ಹಿಂದೆ ಹೀಗಿರಲಿಲ್ಲ. ಇದೇ ಕಂಪನಿ 1989ರಲ್ಲಿ ತಂದ ಗೇಮ್‌ಬಾಯ್ ಯಂತ್ರಕ್ಕೆ ನಾಲ್ಕು ಪೆನ್‌ಸೆಲ್ ಹಾಕಿದರೆ ಸಾಕಿತ್ತು. ಅದರ ರೂವಾರಿ ಗುನ್‌ಪೇ ಯೊಕೊಯಿ ಹೊಸದಕ್ಕಿಂತ ಹಳೆಯ, ಅಗ್ಗದ, ಪಳಗಿದ ತಂತ್ರಜ್ಞಾನವನ್ನೇ ಹೊಸ ಬಗೆಯಲ್ಲಿ ಬಳಸಬೇಕೆಂದು ನಂಬಿದ್ದವರು. ಬಣ್ಣವಿಲ್ಲದ, ಹಿಂಬೆಳಕಿಲ್ಲದ ಪರದೆ ಎಂದು ನಕ್ಕವರಿದ್ದರು. ಬಣ್ಣದ ಪರದೆಯ ಪ್ರತಿಸ್ಪರ್ಧಿ ಗೇಮ್‌ ಗೇರ್ ಆರು ಸೆಲ್ಲುಗಳನ್ನು ಕೆಲವೇ ಗಂಟೆಗಳಲ್ಲಿ ನುಂಗುತ್ತಿತ್ತು. ಬಿಸಾಡುವ ಸೆಲ್ಲುಗಳೂ ಕಸವೇ ಎಂಬುದನ್ನು ಮರೆಯುವಂತಿಲ್ಲ. ಆದರೆ ಅದೇ ಅಳತೆಯ, ಮತ್ತೆ ಚಾರ್ಜ್ ಮಾಡಬಹುದಾದ ಸೆಲ್ಲುಗಳು ಇಂದಿಗೂ ಆ ಯಂತ್ರಕ್ಕೆ ಒಪ್ಪುತ್ತವೆ. ಆಟದ ಕಾರ್ಟ್ರಿಜ್‌ನೊಳಗೆ ಅಂಕ ಉಳಿಸಿಡುವ ಗುಂಡಿ ಸೆಲ್ ಸತ್ತರೆ, ಬೆಸುಗೆ ಹಾಕಬಲ್ಲ ರೇಡಿಯೋ ರಿಪೇರಿಯವನೂ ಅದನ್ನು ಬದಲಿಸಬಲ್ಲ.

ಗೇಮ್‌ಬಾಯ್‌ಗೂ ಬೀಗವಿತ್ತು ಎಂಬುದು ನಿಜ. ಕಾರ್ಟ್ರಿಜ್‌ನಲ್ಲಿ ಕಂಪನಿಯ ಲಾಂಛನವಿಲ್ಲದಿದ್ದರೆ ಯಂತ್ರ ಮುಂದೆ ಸಾಗುತ್ತಿರಲಿಲ್ಲ. ಆದರೆ ಒಮ್ಮೆ ಮಾರಿದ ಮೇಲೆ ಆ ಬೀಗ ಯಾರ ಅಪ್ಪಣೆಯನ್ನೂ ಕೇಳುತ್ತಿರಲಿಲ್ಲ. ಆಟವನ್ನು ಗೆಳೆಯನಿಗೆ ಕಡ ಕೊಡಬಹುದಿತ್ತು, ತಮ್ಮನಿಗೆ ದಾಟಿಸಬಹುದಿತ್ತು, ಮಾರಬಹುದಿತ್ತು.

ಈ ಸ್ವಾತಂತ್ರ್ಯ ಹಂತಹಂತವಾಗಿ ಸವೆಯಿತು. 2009ರಲ್ಲಿ ಸೋನಿ ಕಂಪನಿ ತಂದ ಪಿಎಸ್‌ಪಿ ಗೋ ಯಂತ್ರದಲ್ಲಿ ಡಿಸ್ಕ್ ಹಾಕುವ ಜಾಗವನ್ನೇ ತೆಗೆದುಹಾಕಲಾಯಿತು. ಆಟ ಬೇಕಾದರೆ ಕಂಪನಿಯ ಅಂಗಡಿಯೊಂದೇ ದಾರಿ. ಅನಂತರದ ವೀಟಾ ಯಂತ್ರಕ್ಕೆ ಎಲ್ಲೆಡೆ ಸಿಗುವ ಮೆಮೊರಿ ಕಾರ್ಡ್ ಹಿಡಿಯುತ್ತಿರಲಿಲ್ಲ, ಸೋನಿಯ ದುಬಾರಿ ಕಾರ್ಡೇ ಬೇಕಿತ್ತು. ವರ್ಷವರ್ಷವೂ ಕಂಪನಿಯ ಹೈಬ್ರಿಡ್ ಬೀಜಕ್ಕೆ ಕೈಯೊಡ್ಡಬೇಕಾದ ರೈತನಿಗೆ ಇದು ಹೊಸ ಕತೆಯೇನಲ್ಲ. 2021ರಲ್ಲಿ ವೀಟಾದ ಅಂಗಡಿಯನ್ನು ಮುಚ್ಚುವುದಾಗಿ ಸೋನಿ ಸಾರಿತು. ಬಳಕೆದಾರರು ಗಲಾಟೆ ಮಾಡಿದ ಮೇಲೆ ಕೆಲವೇ ವಾರಗಳಲ್ಲಿ ಆ ನಿರ್ಧಾರವನ್ನು ಹಿಂತೆಗೆದುಕೊಂಡಿತು. ಪ್ರತಿಭಟನೆಗೆ ಫಲವಿದೆ ಎಂಬುದಕ್ಕೆ ಚಿಪ್ಕೊ, ಅಪ್ಪಿಕೊಗಳೇ ಬೇಕೆಂದಿಲ್ಲ.

2025ರ ಜೂನ್‌ನಲ್ಲಿ ಬಂದ ನಿಂಟೆಂಡೊ ಸ್ವಿಚ್ 2ರ ಕೆಲವು ಆಟಗಳ ಕಾರ್ಡಿನಲ್ಲಂತೂ ಆಟವೇ ಇರುವುದಿಲ್ಲ! ಇರುವುದು ಕೀಲಿಕೈ ಮಾತ್ರ. ಆಟವನ್ನು ಅಂತರ್ಜಾಲದಿಂದ ಇಳಿಸಿಕೊಳ್ಳಬೇಕು. 2020–21ರ ಆನ್‌ಲೈನ್ ತರಗತಿಗಳ ಕಾಲದಲ್ಲಿ ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತಿ ಕುಳಿತ ಮಲೆನಾಡಿನ ವಿದ್ಯಾರ್ಥಿಗಳಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಯಂತ್ರದ ಬ್ಯಾಟರಿಯನ್ನು ಗಟ್ಟಿಯಾದ ಅಂಟಿನಿಂದ ಕೂರಿಸಲಾಗಿದೆ. ದುರಸ್ತಿಯ ಸುಲಭತೆಯನ್ನು ಅಳೆಯುವ ಐಫಿಕ್ಸಿಟ್ ಸಂಸ್ಥೆ ಇದಕ್ಕೆ ಹತ್ತರಲ್ಲಿ ಮೂರು ಅಂಕ ಕೊಟ್ಟಿತು.

ಕಳ್ಳನಕಲು ತಡೆಯಲು ಬೀಗ ಬೇಕೆಂಬುದು ಕಂಪನಿಗಳ ವಾದ. ಆಟ ರಚಿಸುವವರಿಗೂ ಹೊಟ್ಟೆಪಾಡಿದೆಯಾದ್ದರಿಂದ ಈ ವಾದವನ್ನು ಪೂರ್ತಿ ತಳ್ಳಿಹಾಕಲಾಗದು. ಆದರೆ ಮಾರಾಟವನ್ನೇ ನಿಲ್ಲಿಸಿದ ಆಟಕ್ಕೆ ಬೀಗವೇಕೆ? ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ 2010ಕ್ಕಿಂತ ಮೊದಲು ಬಂದ ಆಟಗಳಲ್ಲಿ ಶೇ. 87ರಷ್ಟು ಈಗ ಮಾರುಕಟ್ಟೆಯಲ್ಲಿಲ್ಲ. ಬೀಗ ಸಡಿಲಿಸಿದರೆ ಉದ್ಯಮ ಮುಳುಗುತ್ತದೆಂಬ ಭಯಕ್ಕೂ ಆಧಾರ ಕಡಿಮೆ. 2022ರಲ್ಲಿ ವಾಲ್ವ್ ಕಂಪನಿ ತಂದ ಸ್ಟೀಮ್ ಡೆಕ್ ಲಿನಕ್ಸ್ ಆಧಾರಿತ. ಬೇರೆ ತಂತ್ರಾಂಶ ಹಾಕಿಕೊಳ್ಳಲು ಅಡ್ಡಿಯಿಲ್ಲ, ಬಿಡಿಭಾಗಗಳೂ ಮಾರಾಟಕ್ಕಿವೆ. ಅದರ ಬ್ಯಾಟರಿಯೂ ಅಂಟಿನಲ್ಲೇ ಕೂತಿದೆ ಎಂಬುದು ಬೇರೆ ಮಾತು.

ಮಕ್ಕಳ ಆಟಿಕೆಯ ಬಗ್ಗೆ ಬೆಟ್ಟದ ಜನ ತಲೆಕೆಡಿಸಿಕೊಳ್ಳಬೇಕೆ ಎಂದು ಯಾರಾದರೂ ಕೇಳಬಹುದು. 2022ರ ಒಂದೇ ವರ್ಷದಲ್ಲಿ ಜಗತ್ತು 6.2 ಕೋಟಿ ಟನ್ ವಿದ್ಯುನ್ಮಾನ ಕಸವನ್ನು ಹೊರಹಾಕಿತು. ಲೆಕ್ಕಕ್ಕೆ ಸಿಕ್ಕಂತೆ ಸರಿಯಾಗಿ ಮರುಬಳಕೆಗೆ ಹೋದದ್ದು ಶೇ. 22ರಷ್ಟು. ಪ್ರತಿ ಯಂತ್ರದೊಳಗಿನ ತಾಮ್ರ, ಕೋಬಾಲ್ಟ್, ಚಿನ್ನ ಯಾವುದೋ ಗುಡ್ಡವನ್ನು ಬಗೆದು ತಂದವು. ಕುದುರೆಮುಖದ ಗಣಿ 2005ರ ಕೊನೆಯಲ್ಲಿ ನಿಂತರೂ ಲಖ್ಯಾ ಅಣೆಕಟ್ಟೆಯ ಹಿಂದೆ ಕೂತ ಹೂಳು ಇನ್ನೂ ಅಲ್ಲೇ ಇದೆ. ಒಂದು ಯಂತ್ರ ಐದರ ಬದಲು ಇಪ್ಪತ್ತು ವರ್ಷ ಬಾಳಿದರೆ ಅಷ್ಟರಮಟ್ಟಿಗೆ ಅಗೆತ ತಗ್ಗುತ್ತದೆ.

ಕಾನೂನುಗಳು ನಿಧಾನವಾಗಿ ಎಚ್ಚರಗೊಳ್ಳುತ್ತಿವೆ. ಬಳಕೆದಾರನೇ ಬ್ಯಾಟರಿ ತೆಗೆದು ಬದಲಿಸುವಂತಿರಬೇಕು ಎಂಬ ಯುರೋಪಿನ ನಿಯಮಕ್ಕೆ 2027ರ ಫೆಬ್ರವರಿಯ ಗಡುವಿದೆ. ಕ್ಯಾಲಿಫೋರ್ನಿಯಾದ ದುರಸ್ತಿ ಹಕ್ಕಿನ ಕಾಯಿದೆಯಾದರೋ ಆಟದ ಯಂತ್ರಗಳನ್ನೇ ಹೊರಗಿಟ್ಟಿತು. ಭಾರತದ 2022ರ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಕೈಯಾಟದ ಯಂತ್ರಗಳೂ ಸೇರಿವೆ. ಅಂದರೆ ಕಸವಾದ ಮೇಲೆ ಅವು ಸರ್ಕಾರದ ಕಣ್ಣಿಗೆ ಬೀಳುತ್ತವೆ. ಕಸವಾಗುವ ಮುನ್ನ ನೋಡಬೇಕಾದ ದುರಸ್ತಿ ಸೂಚ್ಯಂಕದ ವರದಿ 2025ರ ಮೇ ತಿಂಗಳಲ್ಲಿ ಕೇಂದ್ರಕ್ಕೆ ಸಲ್ಲಿಕೆಯಾಯಿತು. ಅದರ ಮೊದಲ ಹಂತದಲ್ಲಿ ಇರುವುದು ಮೊಬೈಲ್ ಫೋನು ಮತ್ತು ಟ್ಯಾಬ್ಲೆಟ್ ಮಾತ್ರ.